ಭಾರ ಎತ್ತಿದರೆ ಸ್ನಾಯು ಬೆಳೆಯುವುದೇಕೆ? ಪ್ರಚಲಿತ ವಿವರಣೆಯ ವಿಮರ್ಶೆ

ಭಾರ ಎತ್ತುವ ವ್ಯಾಯಾಮದಿಂದ ಸ್ನಾಯುಗಳು ದಪ್ಪವಾಗುವುದು ಎಲ್ಲರಿಗೂ ತಿಳಿದದ್ದೇ. ಕಾರಣ ಕೇಳಿದರೆ ಜನಪ್ರಿಯ ಬರಹಗಳು ಒಂದು ಸಿದ್ಧ ಸರಪಣಿಯನ್ನು ಮುಂದಿಡುತ್ತವೆ: ವ್ಯಾಯಾಮದಿಂದ ಬೆಳವಣಿಗೆಯ ಹಾರ್ಮೋನು ಸ್ರವಿಸುತ್ತದೆ, ಅದು ಐಜಿಎಫ್-1 ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ, ಐಜಿಎಫ್-1 ಸ್ನಾಯುಕೋಶದ ಹೊರಪೊರೆಯ ಗ್ರಾಹಿಗೆ ಅಂಟಿಕೊಂಡು ಒಳಗಿರುವ ಎಂಟಾರ್ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ, ರೈಬೋಸೋಮುಗಳು ಹೊಸ ಪ್ರೋಟೀನು ತಯಾರಿಸುತ್ತವೆ. ಕಪ್ಪುಹಲಗೆಯ ಮೇಲೆ ಬಾಣ ಎಳೆದು ತೋರಿಸಲು ಇದು ಬಹಳ ಅನುಕೂಲ. ಆದರೆ ಇದರ ಮೊದಲರ್ಧ ಪ್ರಯೋಗದ ಮುಂದೆ ನಿಲ್ಲುವುದಿಲ್ಲ.

ಆಲ್‌ಫ್ರೆಡ್ ಗೋಲ್ಡ್‌ಬರ್ಗ್ 1967ರಲ್ಲೇ ಇದನ್ನು ಪರೀಕ್ಷಿಸಿದ್ದರು. ಪಿಟ್ಯುಟರಿ ಗ್ರಂಥಿ ತೆಗೆದ ಇಲಿಗಳಲ್ಲಿ ಬೆಳವಣಿಗೆಯ ಹಾರ್ಮೋನು ಉತ್ಪತ್ತಿಯಾಗದು. ಅಂಥ ಇಲಿಗಳ ಮೀನಖಂಡದ ಮುಖ್ಯ ಸ್ನಾಯುವಿನ ರಜ್ಜುವನ್ನು ಕತ್ತರಿಸಿದಾಗ ಹೊರೆಯೆಲ್ಲ ಪಕ್ಕದ ಸ್ನಾಯುಗಳ ಮೇಲೆ ಬಿತ್ತು; ಅವು ಬೆಳೆದವು. ಮುಂದೆ 2008ರಲ್ಲಿ, ಸ್ನಾಯುವಿನ ಐಜಿಎಫ್-1 ಗ್ರಾಹಿ ಕೆಲಸ ಮಾಡದಂತೆ ಮಾರ್ಪಡಿಸಿದ ಚಿಟ್ಟಿಲಿಗಳಲ್ಲೂ ಹೊರೆಗೆ ಸ್ನಾಯು ಬೆಳೆಯಿತು. ಹಾಗಾದರೆ ಗ್ರಾಹಿ ಇಲ್ಲಿ ಅನಿವಾರ್ಯವಲ್ಲ.

ಎರಡನೆಯ ಅರ್ಧ ಮಾತ್ರ ಗಟ್ಟಿ. ಎಂಟಾರ್ ಅನ್ನು ತಡೆಯುವ ರಾಪಮೈಸಿನ್ (ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯದಿಂದ ದೊರೆತ ಔಷಧ) ಕೊಟ್ಟ ಇಲಿಗಳಲ್ಲಿ ಹೊರೆಯಿಂದಾಗುವ ಬೆಳವಣಿಗೆ ಬಹುಪಾಲು ನಿಂತಿತೆಂದು 2001ರಲ್ಲಿ ತಿಳಿಯಿತು. ಔಷಧ ಇಡೀ ದೇಹಕ್ಕೆ ಹರಡುತ್ತದಲ್ಲ, ಅದು ಬೇರೆಲ್ಲೋ ಕೆಲಸ ಮಾಡಿರಬಾರದೇಕೆ? ನ್ಯಾಯವಾದ ಆಕ್ಷೇಪಣೆ. 2011ರಲ್ಲಿ ಉತ್ತರ ಬಂತು: ಸ್ನಾಯುವಿನಲ್ಲಿ ಮಾತ್ರ ರಾಪಮೈಸಿನ್‌ಗೆ ಬಗ್ಗದ ಎಂಟಾರ್ ಇಟ್ಟ ಚಿಟ್ಟಿಲಿಗಳಲ್ಲಿ, ಔಷಧ ಕೊಟ್ಟರೂ ಸ್ನಾಯು ಬೆಳೆಯಿತು. ಮಾನವರಲ್ಲೂ ವ್ಯಾಯಾಮದ ನಂತರ ಪ್ರೋಟೀನು ಸಂಶ್ಲೇಷಣೆಯಲ್ಲಾಗುವ ಏರಿಕೆಯನ್ನು ರಾಪಮೈಸಿನ್ ತಡೆಯುತ್ತದೆಂದು 2009ರಲ್ಲಿ ಕಂಡುಬಂದಿತ್ತು.

ಈ ಪ್ರಯೋಗಗಳಿಗೂ ಮಿತಿಯಿದೆ. ರಜ್ಜು ಕತ್ತರಿಸಿದ ಇಲಿಯ ಸ್ನಾಯುವಿಗೆ ಹಗಲಿರುಳೂ ಬಿಡುವಿಲ್ಲ. ಶಸ್ತ್ರಕ್ರಿಯೆಯ ಬಾವು ಬೇರೆ. ವಾರಕ್ಕೆ ಮೂರು ದಿನ ಭಾರ ಎತ್ತುವ ವಿದ್ಯಾರ್ಥಿಗೆ ಅಲ್ಲಿನ ಅಂಕಿಗಳನ್ನು ಅನ್ವಯಿಸಲಾಗದು. ಮಾರ್ಗವನ್ನು ಒಪ್ಪಬಹುದು, ಪ್ರಮಾಣವನ್ನಲ್ಲ.

ಹಾಗೆಂದು ಹಾರ್ಮೋನಿಗೆ ಪಾತ್ರವೇ ಇಲ್ಲವೆನ್ನುವುದೂ ತಪ್ಪು. ವಾರಕ್ಕೆ 600 ಮಿಲಿಗ್ರಾಮ್ ಟೆಸ್ಟೋಸ್ಟಿರೋನ್ ಚುಚ್ಚಿಸಿಕೊಂಡವರ ಸ್ನಾಯು ವ್ಯಾಯಾಮವಿಲ್ಲದೆಯೂ ಬೆಳೆದದ್ದು 1996ರ ಅಧ್ಯಯನದಲ್ಲಿ ದಾಖಲಾಗಿದೆ. ಅದು ಔಷಧದ ಮಟ್ಟ. ವ್ಯಾಯಾಮದ ನಂತರ ಅಲ್ಪಕಾಲ ಏರಿ ಇಳಿಯುವ ಹಾರ್ಮೋನಿನ ಮಾತು ಬೇರೆ. ಇವೆರಡನ್ನೂ ಬೆರೆಸಿಯೇ ‘ಹಾರ್ಮೋನು ಹೆಚ್ಚಿಸುವ’ ಪುಡಿಗಳು ಹುಡುಗರಿಗೆ ಮಾರಾಟವಾಗುತ್ತಿವೆ.

ಎಳೆತ ಎಂಟಾರ್‌ಗೆ ತಲಪುವುದು ಹೇಗೆ? ಕೋಶಪೊರೆಗಳಲ್ಲಿ ಉಂಟಾಗುವ ಫಾಸ್ಫಾಟಿಡಿಕ್ ಆಮ್ಲವನ್ನು ಕೆಲವರು ಸೂಚಿಸಿದ್ದಾರೆ, ಎಲ್ಲರೂ ಒಪ್ಪಿಲ್ಲ. ಉಪಾಧ್ಯಾಯರು ಹಲಗೆಯ ಮೇಲೆ ಎಳೆತದಿಂದ ಎಂಟಾರ್‌ಗೆ ನೇರ ಬಾಣ ಎಳೆದು, ಅದರ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದರೆ ಇಂದಿನ ತಿಳಿವಳಿಕೆಗೆ ಸರಿಹೊಂದುತ್ತದೆ.