ದಾಲ್ಚಿನ್ನಿ ಮೈಬಣ್ಣದ ಮೇಪಲ್

ಮಧ್ಯ ಚೀನಾದ ಬೆಟ್ಟಗಾಡಿನ ‘ಏಸರ್ ಗ್ರೈಸಿಯಂ’ ಮರದ ಚೆಲುವೆಲ್ಲ ತೊಗಟೆಯಲ್ಲಿದೆ. ದಾಲ್ಚಿನ್ನಿಯ ಕೆಂಗಂದು ಬಣ್ಣದ ಅದು ತೆಳು ಹಾಳೆಗಳಾಗಿ ಸುರುಳಿಯೇಳುತ್ತದೆ, ಆದರೆ ಥಟ್ಟನೆ ಉದುರದೆ ಕೊಂಬೆಗೇ ಅಂಟಿಕೊಂಡಿರುತ್ತದೆ. ಹಿಂದಿನಿಂದ ಬಿಸಿಲು ಬಿದ್ದರೆ ಆ ಸುರುಳಿಗಳು ಕೆಂಡದಂತೆ ಬೆಳಗುತ್ತವೆ. ಶರತ್ಕಾಲದಲ್ಲಿ ಎಲೆಗಳೂ ಕಿತ್ತಳೆ, ಕಡುಗೆಂಪಿಗೆ ತಿರುಗುತ್ತವೆ, ನಿಜ. ಆದರೂ ಎಲೆಯುದುರಿದ ಚಳಿಗಾಲವೇ ಇದನ್ನು ನೋಡಬೇಕಾದ ಹೊತ್ತು.

1901ರಲ್ಲಿ ಸಸ್ಯಾನ್ವೇಷಕ ಅರ್ನೆಸ್ಟ್ ವಿಲ್ಸನ್ ಇದನ್ನು ಇಂಗ್ಲೆಂಡಿನ ವೀಚ್ ನರ್ಸರಿಗೆ ಒದಗಿಸಿದರು. ಇಂದು ತವರಿನ ಕಾಡಿನಲ್ಲಿ ಈ ಮರ ಅಳಿವಿನಂಚಿನಲ್ಲಿದೆ.

ಬೆಳೆಸುವವರಿಗೆ ತಾಳ್ಮೆ ಬೇಕೇ ಬೇಕು. ಬೀಜಗಳಲ್ಲಿ ಬಹುಪಾಲು ಜೊಳ್ಳು. ಗಟ್ಟಿ ಬೀಜವೂ ಗಡಸು ಕವಚದೊಳಗೆ ಎರಡು ವರ್ಷವೋ ಇನ್ನೂ ಹೆಚ್ಚೋ ಮಲಗಿಬಿಡುತ್ತದೆ. ಮೊಳೆತ ಮೇಲೂ ಬೆಳವಣಿಗೆ ನಿಧಾನ. ನೀರು ನಿಲ್ಲದ, ತೇವ ಆರದ ಮಣ್ಣು ಸಿಕ್ಕರೆ ಸಾಕು, ಎಳೆಯ ಗಿಡದ ಕೊಂಬೆಗಳಲ್ಲೇ ತೊಗಟೆ ಸುಲಿಯತೊಡಗುತ್ತದೆ.