‘ಒಂದು ಮನೆ’ ಎಂಬ ಮಾತಿನ ವಿಮರ್ಶೆ

ಚರಿತ್ರೆಯ ವಿದ್ಯಾರ್ಥಿಗೆ ತೆರಿಗೆಯ ಪಟ್ಟಿಗಳಷ್ಟು ಉಪಕಾರಿಯಾದ ಆಧಾರಗಳು ವಿರಳ. ಒಂದು ಕಾಲದ ಜನರು ತಮ್ಮನ್ನು ಕುರಿತು ಏನು ಹೇಳಿಕೊಂಡರೆಂಬುದು ಕಾವ್ಯದಿಂದ ತಿಳಿದೀತು. ಅವರನ್ನು ಆಳಿದವರು ಹೇಗೆ ಎಣಿಸಿದರೆಂಬುದನ್ನು ಅರಿಯಬೇಕಾದರೆ ಹಣವೆತ್ತಿದವರ ಲೆಕ್ಕವನ್ನೇ ನೋಡಬೇಕು. ಹಣವೆತ್ತುವವನು ಮೊದಲು ಯಾವುದನ್ನು ಒಂದೆಂದು ಎಣಿಸಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಎಣಿಸತಕ್ಕುದು ತಲೆಯನ್ನೆ, ಮಗ್ಗವನ್ನೆ, ಮನೆಯನ್ನೆ? ಈಚಿನ ವರ್ಷಗಳಲ್ಲಿ ಅಂತರ್ಜಾಲದ ಮೂಲಕ ಚಲನಚಿತ್ರಗಳನ್ನೂ ಧಾರಾವಾಹಿಗಳನ್ನೂ ಒದಗಿಸುತ್ತಿರುವ ಕಂಪನಿಗಳ ಮುಂದೆಯೂ ಇದೇ ಪ್ರಶ್ನೆ ಬಂದಿದೆ. ಒಂದು ಚಂದಾ ಒಂದು ಮನೆಗೆ ಮಾತ್ರವೆಂದು ಅವುಗಳಲ್ಲಿ ಪ್ರಮುಖವಾದುದೊಂದು ಕೊಟ್ಟಿರುವ ಉತ್ತರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸಂಗತಿಗಳನ್ನು ನೋಡೋಣ. ನೆಟ್‌ಫ್ಲಿಕ್ಸ್ ಕಂಪನಿಯು ಭಾರತದಲ್ಲಿ ವ್ಯವಹಾರವನ್ನಾರಂಭಿಸಿದುದು ೨೦೧೬ರ ಜನವರಿಯಲ್ಲಿ. ಮರುವರ್ಷದ ಮಾರ್ಚ್ ತಿಂಗಳಲ್ಲಿ ಅದೇ ಕಂಪನಿ ಪಾಸ್‌ವರ್ಡನ್ನು ಹಂಚಿಕೊಳ್ಳುವುದೇ ಪ್ರೀತಿಯೆಂಬ ಅರ್ಥದ ಮಾತೊಂದನ್ನು ಟ್ವಿಟರಿನಲ್ಲಿ ಸಾರಿತ್ತು. ೨೦೨೨ರ ಮೊದಲ ಮೂರು ತಿಂಗಳಲ್ಲಿ ಸುಮಾರು ೨ ಲಕ್ಷ ಚಂದಾದಾರರು ಕಡಮೆಯಾದರು. ಹತ್ತು ವರ್ಷಗಳಿಗೂ ಹೆಚ್ಚಿನ ಅವಧಿಯಲ್ಲಿ ಇಂಥ ನಷ್ಟ ಅದೇ ಮೊದಲು. ಅದೇ ವರ್ಷ ಚಿಲಿ, ಕೋಸ್ಟರಿಕ, ಪೆರು ದೇಶಗಳಲ್ಲಿ ಹಂಚಿಕೆಯನ್ನು ತಡೆಯುವ ಪ್ರಯೋಗ ನಡೆಯಿತು. ೨೦೨೩ರ ಮೇ ತಿಂಗಳಲ್ಲಿ ಅಮೆರಿಕದಲ್ಲಿಯೂ ಇತರ ಅನೇಕ ದೇಶಗಳಲ್ಲಿಯೂ, ಜುಲೈ ೨೦ರಂದು ಭಾರತದಲ್ಲಿಯೂ ನಿಯಮ ಜಾರಿಗೆ ಬಂದಿತು. ಬೇರೆ ದೇಶಗಳಲ್ಲಿ ಹೊರಗಿನ ಒಬ್ಬ ಸದಸ್ಯನನ್ನು ಹೆಚ್ಚಿನ ಶುಲ್ಕ ತೆತ್ತು ಸೇರಿಸಿಕೊಳ್ಳುವ ಅವಕಾಶವಿದ್ದಿತು. ಭಾರತದಲ್ಲಿ ಈಚೆಗೆ ತಾನೆ ಬೆಲೆಯಿಳಿಸಿದೆವೆಂಬ ಕಾರಣದಿಂದ ಕಂಪನಿ ಆ ಬಾಗಿಲನ್ನು ಆಗ ತೆರೆಯಲಿಲ್ಲ. ೨೦೨೧ರ ಡಿಸೆಂಬರಿನಲ್ಲಿ ತಿಂಗಳ ಚಂದಾ ೪೯೯ ರೂಪಾಯಿಯಿದ್ದ ಮೂಲ ಯೋಜನೆಯನ್ನು ೧೯೯ ರೂಪಾಯಿಗೆ ಇಳಿಸಿದ್ದುದು ನಿಜ.

ಇಲ್ಲಿ ಮನೆಯೆಂದರೇನು? ಕಂಪನಿಯ ವಿವರಣೆಯಂತೆ, ಚಂದಾದಾರನು ಮುಖ್ಯವಾಗಿ ಎಲ್ಲಿ ಕುಳಿತು ನೋಡುವನೋ ಅಲ್ಲಿಯ ಅಂತರ್ಜಾಲಕ್ಕೆ ತಗುಲಿಕೊಂಡ ಉಪಕರಣಗಳ ಸಮೂಹವೇ ಮನೆ. ಜಾಲದ ವಿಳಾಸ, ಉಪಕರಣದ ಗುರುತು, ಬಳಕೆಯ ರೀತಿ ಇವುಗಳಿಂದ ಅದನ್ನು ಕಂಡುಹಿಡಿಯುತ್ತಾರೆ. ಪ್ರವಾಸದಲ್ಲಿರುವವನು ನೋಡಬಹುದು, ಬೇರೊಂದು ನೆಲೆಯಲ್ಲಿ ನಿಂತವನು ಹೊರಗಿನವನು. ಈ ವ್ಯಾಖ್ಯೆಯಲ್ಲಿ ಮನುಷ್ಯರಿಗಿಂತ ಮೊದಲು ಉಪಕರಣಗಳು ಬರುತ್ತವೆಂಬುದನ್ನು ವಾಚಕರು ಗಮನಿಸಬೇಕು.

ಮೈಸೂರಿನ ಕುವೆಂಪುನಗರದ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ತಂದೆತಾಯಿಗಳು ಇಲ್ಲಿದ್ದಾರೆ, ಮಗ ಬೆಂಗಳೂರಿನಲ್ಲಿ ಉದ್ಯೋಗಿ, ಶನಿವಾರ ರೈಲು ಹತ್ತಿ ಬರುತ್ತಾನೆ, ಮಗಳು ಮಂಗಳೂರಿನ ವಿದ್ಯಾರ್ಥಿನಿಲಯದಲ್ಲಿದ್ದಾಳೆ. ಚಂದಾ ಕಟ್ಟುವವನು ಮಗ, ನೋಡುವವರು ಹೆಚ್ಚಾಗಿ ತಂದೆತಾಯಿಗಳು. ಅವನ ಕೊಠಡಿಗೆ ಅಕ್ಕಿ, ಸಾರಿನಪುಡಿ, ಉಪ್ಪಿನಕಾಯಿ ಇಲ್ಲಿಂದಲೇ ಹೋಗುತ್ತವೆ; ಅವನ ಸಂಬಳದ ಒಂದು ಭಾಗ ಇಲ್ಲಿಗೆ ಬರುತ್ತದೆ. ‘ನಿಮ್ಮ ಮನೆ ಯಾವುದು?’ ಎಂದು ಕೇಳಿದರೆ ನಾಲ್ವರಲ್ಲಿ ಯಾರೂ ಎರಡು ವಿಳಾಸ ಹೇಳಲಾರರು. ಕಂಪನಿಯ ಲೆಕ್ಕದಲ್ಲಿಯಾದರೋ ಇವು ಮೂರು ಮನೆಗಳು. ತನ್ನ ಹಣದಿಂದ ತಾಯಿಗೆ ಸಿನಿಮಾ ತೋರಿಸುವ ಮಗ ಅಲ್ಲಿ ನಿಯಮಭಂಗ ಮಾಡಿದವನಾಗುತ್ತಾನೆ.

ನಮ್ಮ ನಾಡಿನಲ್ಲಿ ಮನೆಯನ್ನು ಎಣಿಸುವ ಪದ್ಧತಿ ಹೊಸತೇನೂ ಅಲ್ಲ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತೆರೆದವರಿಗೆ ಮನೆದೆರೆ, ಮಗ್ಗದೆರೆ, ಗಾಣದೆರೆ ಎಂಬ ಶಬ್ದಗಳು ಪರಿಚಿತವಾಗಿಯೇ ಇರುತ್ತವೆ. ಇವುಗಳಲ್ಲಿ ಎರಡು ಜಾತಿಗಳಿವೆಯೆಂದು ನಾವು ಭಾವಿಸುತ್ತೇವೆ. ಮಗ್ಗವೂ ಗಾಣವೂ ಕಣ್ಣಿಗೆ ಕಾಣುವ ವಸ್ತುಗಳು. ಗಾಣವನ್ನು ಎಣಿಸುವವನಿಗೆ ಅದನ್ನು ತಿರುಗಿಸುವವನು ಮಗನೋ ಅಳಿಯನೋ ಎಂಬ ವಿಚಾರ ಬೇಕಿಲ್ಲ. ಮನೆಯೂ ಕಟ್ಟಡವಾಗಿರುವಷ್ಟು ಮಟ್ಟಿಗೆ ಹಾಗೆಯೇ. ಆದರೆ ಮನೆಯೆಂಬುದನ್ನು ಜನರ ಕೂಟವೆಂದು ಗ್ರಹಿಸಿದ ಕೂಡಲೆ ಯಾರು ಒಳಗಿನವರು, ಯಾರು ಹೊರಗಿನವರೆಂಬ ವಿಚಾರಣೆ ಅನಿವಾರ್ಯವಾಗುತ್ತದೆ.

ಈ ವಿಚಾರಣೆಯನ್ನು ಅತ್ಯಂತ ಸೂಕ್ಷ್ಮವಾಗಿ ನಡೆಸಿದವರಲ್ಲೊಬ್ಬನು ಕನ್ನಡನಾಡಿನಲ್ಲಿಯೇ ಇದ್ದನು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಭಾರತದ ಬಹುಭಾಗದಲ್ಲಿ ಅವಿಭಕ್ತ ಕುಟುಂಬದ ನ್ಯಾಯಕ್ಕೆ ಆಧಾರವಾಯಿತು. ಆ ಪರಂಪರೆಯ ನ್ಯಾಯದಂತೆ ಸಹೋದರರು ಬೇರೆ ಊರಿನಲ್ಲಿದ್ದು ಬೇರೆ ಅಡುಗೆ ಮಾಡಿಕೊಂಡ ಮಾತ್ರಕ್ಕೆ ಕುಟುಂಬ ವಿಭಾಗವಾಗುವುದಿಲ್ಲ. ಬೇರೆಯಾಗಬೇಕೆಂಬ ಸಂಕಲ್ಪ ವ್ಯಕ್ತವಾಗಬೇಕು. ಈ ನ್ಯಾಯದಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಹೆಣ್ಣುಮಕ್ಕಳನ್ನು ಅದು ದಾಯಾದ್ಯದ ಹೊರಗಿರಿಸಿತ್ತು. ಆ ಕೊರತೆಯನ್ನು ೧೯೯೪ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯೂ, ಅನಂತರ ೨೦೦೫ರ ಕೇಂದ್ರ ತಿದ್ದುಪಡಿಯೂ ಸರಿಪಡಿಸಿದುವು. ಮನೆಯ ವ್ಯಾಖ್ಯೆ ತಪ್ಪಾಗಿದ್ದಲ್ಲಿ ಅದನ್ನು ಬದಲಾಯಿಸಲು ಶಾಸನಸಭೆಯೊಂದಿದ್ದಿತು ಎಂಬುದು ಇಲ್ಲಿ ನೆನೆಯಬೇಕಾದ ಅಂಶ.

ಆಧುನಿಕ ಸರ್ಕಾರದ ವ್ಯಾಖ್ಯೆಯನ್ನು ಜನಗಣತಿಯಲ್ಲಿ ಕಾಣುತ್ತೇವೆ. ೨೦೧೧ರ ಗಣತಿಯಂತೆ, ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯಲ್ಲಿ ಊಟಮಾಡುವವರು ಒಂದು ಕುಟುಂಬ. ಕೆಲಸದ ಒತ್ತಡದಿಂದ ಯಾರಾದರೂ ಹಾಗೆ ಊಟಮಾಡಲಾಗದಿದ್ದರೆ ಅದು ಬಾಧಕವಲ್ಲ. ಒಲೆಯನ್ನು ಗುರುತಾಗಿಟ್ಟುಕೊಂಡುದು ನಮ್ಮ ಜನರ ತಿಳುವಳಿಕೆಗೆ ಹತ್ತಿರವಾದುದು. ವಿದ್ಯಾರ್ಥಿನಿಲಯಗಳು ಈ ಅಳತೆಗೆ ಹೊಂದುವುದಿಲ್ಲವಾಗಿ ಅವುಗಳಿಗೆ ಸಾಂಸ್ಥಿಕ ಕುಟುಂಬವೆಂಬ ಬೇರೊಂದು ವರ್ಗವನ್ನೇ ಮಾಡಿದ್ದಾರೆ. ನಾವು ಊಹಿಸಿಕೊಂಡ ಮಗನನ್ನು ಗಣತಿದಾರನೂ ಬೆಂಗಳೂರಿನಲ್ಲಿಯೇ ಎಣಿಸುವನು ನಿಜ. ಆದರೆ ಗಣತಿದಾರನು ಎಣಿಸಿ ಹೊರಟುಹೋಗುತ್ತಾನೆ. ಆ ಎಣಿಕೆಯ ಬಲದಿಂದ ಮಗನನ್ನು ತಾಯಿಯ ಮನೆಯ ಬಾಗಿಲಲ್ಲಿ ತಡೆಯುವುದಿಲ್ಲ.

ನಮ್ಮ ವಿಷಯಕ್ಕೆ ಇನ್ನೂ ಸಮೀಪದ ನಿದರ್ಶನ ಬಾನುಲಿಯದು. ೧೯೩೫ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರವನ್ನಾರಂಭಿಸಿದರು; ‘ಆಕಾಶವಾಣಿ’ಯೆಂಬ ಹೆಸರು ನಾಡಿಗೆಲ್ಲ ಹರಡಿದುದು ಆ ನಿಲಯದಿಂದ. ೧೯೫೦ರಲ್ಲಿ ಆ ನಿಲಯ ಅಖಿಲ ಭಾರತ ಸಂಸ್ಥೆಗೆ ಸೇರಿತು. ೧೯೩೩ರ ನಿಸ್ತಂತು ಶಾಸನದ ಪ್ರಕಾರ ಪರವಾನಗಿಯಿಲ್ಲದೆ ರೇಡಿಯೊ ಇಟ್ಟುಕೊಳ್ಳುವುದು ಅಪರಾಧವಾಗಿದ್ದಿತು. ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿಯನ್ನು ಹೊಸತು ಮಾಡಿಸಿಕೊಳ್ಳಬೇಕಾಗಿತ್ತು. ಮನೆಗೊಂದು ದರ, ಹೋಟೆಲು ಅಂಗಡಿಗಳಿಗೊಂದು ದರ. ೧೯೮೦ರ ದಶಕದಲ್ಲಿ ಈ ಪದ್ಧತಿ ರದ್ದಾಯಿತು. ಅದು ಜಾರಿಯಲ್ಲಿದ್ದಷ್ಟು ದಿನವೂ ಎಣಿಸಿದುದು ಪೆಟ್ಟಿಗೆಯನ್ನು. ಸಂಜೆ ಜಗಲಿಯ ಮೇಲೆ ಕುಳಿತು ಸಂಗೀತ ಕೇಳುವ ನೆರೆಯವರು ಆ ಮನೆಯವರೆ ಎಂದು ಅಂಚೆಯ ಇಲಾಖೆ ಕೇಳಲಿಲ್ಲ. ಶಾಸನ ಕಠಿನವೇ ಆಗಿದ್ದಿತು. ಆದರೂ ಅದು ಗಾಣದೆರೆಯ ಜಾತಿಯದು.

ಕಂಪನಿಯ ಪಕ್ಷದ ವಾದವನ್ನೂ ನ್ಯಾಯವಾಗಿ ಹೇಳಬೇಕು. ೨೦೨೨ರ ಕೊನೆಯಲ್ಲಿ ಸುಮಾರು ೨೩ ಕೋಟಿ ಚಂದಾದಾರರಿದ್ದರೆ, ೧೦ ಕೋಟಿಗೂ ಹೆಚ್ಚು ಮನೆಗಳು ಇತರರ ಖಾತೆಯನ್ನು ಬಳಸುತ್ತಿವೆಯೆಂದು ಅದು ಷೇರುದಾರರಿಗೆ ತಿಳಿಸಿತ್ತು. ಚಿತ್ರ ತೆಗೆಯುವವರಿಗೂ ನಟರಿಗೂ ತಂತ್ರಜ್ಞರಿಗೂ ಹಣ ಸಲ್ಲಬೇಕಾದುದು ಚಂದಾದಿಂದಲೇ. ಬಂಧುತ್ವವಾಗಲಿ ಸ್ನೇಹವಾಗಲಿ ಇಲ್ಲದೆ ಪಾಸ್‌ವರ್ಡನ್ನು ಬಾಡಿಗೆಗೆ ಕೊಡುವವರೂ ಇದ್ದಾರೆ. ಅವರನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ನಿಯಮದಿಂದ ಕಂಪನಿಗೆ ಲಾಭವಾದುದೂ ಸ್ಪಷ್ಟ: ೨೦೨೪ರ ಕೊನೆಗೆ ಚಂದಾದಾರರು ೩೦ ಕೋಟಿಯನ್ನು ದಾಟಿದರು. ಆದರೆ ಒಂದು ತೆರಿಗೆ ಚೆನ್ನಾಗಿ ವಸೂಲಾಯಿತೆಂಬುದರಿಂದ ಅದರ ಅಳತೆ ಸರಿಯೆಂದು ಸಿದ್ಧವಾಗುವುದಿಲ್ಲವೆಂಬುದನ್ನು ಚರಿತ್ರೆಯ ಅಧ್ಯಾಪಕರಿಗೆ ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ಆಕ್ಷೇಪಗಳು ಎರಡು. ಮೊದಲನೆಯದು ಅಳತೆಯನ್ನು ಕುರಿತುದು. ಈ ಕಂಪನಿಯ ಯೋಜನೆಗಳಲ್ಲಿ ಏಕಕಾಲಕ್ಕೆ ಎಷ್ಟು ಪರದೆಗಳಲ್ಲಿ ನೋಡಬಹುದೆಂಬ ಮಿತಿ ಮೊದಲೇ ಇದೆ: ಕೆಳಗಿನ ಯೋಜನೆಗಳಿಗೆ ಒಂದು, ನಡುವಣದಕ್ಕೆ ಎರಡು, ಮೇಲಿನದಕ್ಕೆ ನಾಲ್ಕು. ಹೆಚ್ಚು ಪರದೆಗೆ ಹೆಚ್ಚು ಹಣ. ಹೀಗೆ ಗಾಣವನ್ನೆಣಿಸಿ ಹಣ ಪಡೆದ ಮೇಲೆ, ಅದೇ ಸರಕಿಗೆ ಮನೆಯನ್ನೂ ಎಣಿಸುವುದು ಎರಡು ಅಳತೆಗಳಿಂದ ಅಳೆದಂತೆ. ನಾಲ್ಕು ಪರದೆಗಳನ್ನು ಕೊಂಡವನು ನಾಲ್ಕನ್ನೂ ಒಂದೇ ಸೂರಿನ ಕೆಳಗೆ ಬೆಳಗಿಸಬೇಕೆಂಬುದಕ್ಕೆ ಸರಕಿನ ಸ್ವಭಾವದಲ್ಲಿ ಕಾರಣವಿಲ್ಲ. ಅಮೆಜಾನಿನ ಪ್ರೈಮ್ ವಿಡಿಯೊ ಭಾರತದಲ್ಲಿ ೨೦೨೫ರ ಜನವರಿಯಿಂದ ಐದು ಉಪಕರಣಗಳು, ಅವುಗಳಲ್ಲಿ ಎರಡು ಟಿ.ವಿ.ಗಳೆಂಬ ಮಿತಿಯನ್ನು ಹಾಕಿತು. ಅದೂ ಬಿಗಿಯೇ; ಆದರೂ ಅಲ್ಲಿ ಎಣಿಕೆ ವಸ್ತುವಿನದು.

ಎರಡನೆಯದು ಅಧಿಕಾರವನ್ನು ಕುರಿತುದು, ಹೆಚ್ಚು ಮುಖ್ಯವಾದುದು. ಮನೆದೆರೆ ಭಾರವಾದಾಗ ಊರವರು ಅರಸನಲ್ಲಿ ಮೊರೆಯಿಡುವ ದಾರಿಯಿದ್ದಿತು. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಕೂಡಿದ ಮೈಸೂರು ಪ್ರಜಾಪ್ರತಿನಿಧಿ ಸಭೆ ಜನರು ತಮ್ಮ ಅಹವಾಲುಗಳನ್ನು ಮುಂದಿಡುವ ಸ್ಥಾನವಾಯಿತು. ಮಿತಾಕ್ಷರಾ ನ್ಯಾಯವನ್ನು ಶಾಸನಸಭೆ ತಿದ್ದಿತು. ಕಂಪನಿಯ ವ್ಯಾಖ್ಯೆಯಾದರೋ, ಒಪ್ಪಿಗೆಯೆಂದು ಒತ್ತಿ ಮುಂದೆ ಸಾಗುವ ಷರತ್ತುಗಳೊಳಗೆ ಹುದುಗಿರುತ್ತದೆ. ಅದನ್ನು ಸಡಿಲಿಸುವವರೂ ಬಿಗಿಯುವವರೂ ಅವರೇ. ೨೦೧೭ರಲ್ಲಿ ಪ್ರೀತಿಯಾಗಿದ್ದುದು ೨೦೨೩ರಲ್ಲಿ ಉಲ್ಲಂಘನೆಯಾಗುವಾಗ ಕೇಳುವ ಸಭೆ ಯಾವುದೂ ಇಲ್ಲ. ಚಂದಾ ನಿಲ್ಲಿಸುವ ಸ್ವಾತಂತ್ರ್ಯವೊಂದೇ ಉಳಿದುದು.

ಸಿನಿಮಾ ನೋಡದಿದ್ದರೆ ಯಾರೂ ಕೆಡುವುದಿಲ್ಲವಾದುದರಿಂದ ಇದು ಅಲ್ಪವಿಷಯವೆಂದು ಕೆಲವರು ಹೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ಜಾಲದ ವಿಳಾಸದಿಂದ ಒಳಗಿನವರನ್ನೂ ಹೊರಗಿನವರನ್ನೂ ಬೇರ್ಪಡಿಸುವ ಪದ್ಧತಿ ಸಂಶೋಧನ ಪತ್ರಿಕೆಗಳ ಓದಿಗೂ ಬಳಕೆಯಲ್ಲಿದೆ. ಆವರಣದೊಳಗೆ ತೆರೆಯುವ ಲೇಖನ ವಿದ್ಯಾರ್ಥಿಯ ಹಳ್ಳಿಯ ಮನೆಯಲ್ಲಿ ತೆರೆಯದೆ ಹೋಗುವ ಅನುಭವ ನಮ್ಮಲ್ಲಿ ಅನೇಕರಿಗೆ ಉಂಟು. ಆದುದರಿಂದ ಈ ಕಂಪನಿಗಳು ಪರದೆಯನ್ನೋ ಪೆಟ್ಟಿಗೆಯನ್ನೋ ಎಣಿಸಿ, ಅದಕ್ಕೆ ತಕ್ಕ ಬೆಲೆಯನ್ನು ಮೊದಲೇ ಹೇಳಿ ಪಡೆಯಲಿ. ಅದರಲ್ಲಿ ಯಾರಿಗೂ ಅನ್ಯಾಯವಿಲ್ಲ. ಯಾರು ಯಾರ ಮನೆಯವರೆಂಬುದನ್ನು ನಿರ್ಣಯಿಸುವ ಕೆಲಸವನ್ನು ಅವು ಕೈಗೆತ್ತಿಕೊಳ್ಳುವುದಾದರೆ, ಕುವೆಂಪುನಗರದ ಆ ತಾಯಿಗೆ ಪ್ರಶ್ನೆ ಕೇಳಲು ಒಂದು ಸ್ಥಾನವನ್ನೂ ತೋರಿಸಬೇಕು. ಅರಸರೂ ಸರ್ಕಾರಗಳೂ ಕಾಲಕ್ರಮದಲ್ಲಿ ಅಷ್ಟನ್ನು ಒಪ್ಪಿಕೊಂಡಿರುವರು.