ಹೊರಗಿನವರು ಅಂದರೆ ಯಾರು?

ಮಂಡ್ಯ ಜಿಲ್ಲೆಯ ರಾಜಕೀಯದ ಬಗ್ಗೆ ಬರೆಯುವ ಮಂದಿಗೆ ‘ಪಕ್ಷೇತರ’ ಎಂಬ ಪದದ ಮೇಲೆ ಬಲು ಮೋಹ. ದೊಡ್ಡ ಪಕ್ಷದ ಟಿಕೆಟ್ಟಿಲ್ಲದೆ ನಿಂತು ಗೆದ್ದವರನ್ನು ಕಂಡ ಕೂಡಲೇ ಜನಶಕ್ತಿ ಗೆದ್ದಿತು, ಸ್ವಾಭಿಮಾನ ಗೆದ್ದಿತು ಅಂತ ಬರೆದುಬಿಡುತ್ತಾರೆ. ನಮ್ಮ ಓರಗೆಯ ವಿದ್ಯಾರ್ಥಿಗಳೂ ಅದನ್ನೇ ನಂಬಿ ಪಟಾಕಿ ಹೊಡೆಯುತ್ತಾರೆ. ನಂಬುವುದಕ್ಕೆ ಕಾರಣವೂ ಇದೆ. ಪಕ್ಷಗಳ ಯಂತ್ರ ನಮ್ಮ ಜನರನ್ನು ಆಲೆಮನೆಯ ಗಾಣಕ್ಕೆ ಕೊಟ್ಟ ಕಬ್ಬಿನ ಹಾಗೆ ಹಿಂಡಿದೆ. ಯಾರಾದರೂ ಬಂದು ಅದನ್ನು ಒಂದು ದಿನ ನಿಲ್ಲಿಸಿದರೂ ಸಾಕಪ್ಪ ಅನ್ನಿಸುತ್ತದೆ. ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಈ ಹೊರಗಿನವರು ಯಾವುದರ ಹೊರಗಿದ್ದರು? ಗೆದ್ದ ಮೇಲೆ ಎಲ್ಲಿಗೆ ಹೋದರು?

ಮೂರು ಊರು, ಮೂರು ಚುನಾವಣೆ ನೋಡೋಣ.

ಮದ್ದೂರು, 1962. ಸೋಮನಹಳ್ಳಿಯ ಎಸ್.ಎಂ. ಕೃಷ್ಣ, ಅಮೆರಿಕದಲ್ಲಿ ಕಾನೂನು ಓದಿ ಬಂದ ಯುವಕ, ಪಕ್ಷೇತರರಾಗಿ ನಿಂತು ಕಾಂಗ್ರೆಸ್ಸಿನ ಕೆ.ವಿ. ಶಂಕರಗೌಡರನ್ನು ಸೋಲಿಸಿದರು. ಶಂಕರಗೌಡರ ಪರವಾಗಿ ನೆಹರೂ ಅವರೇ ಪ್ರಚಾರಕ್ಕೆ ಬಂದಿದ್ದರು. ಅಂಥ ಯಂತ್ರ ಸೋತದ್ದು ಸಣ್ಣ ಮಾತಲ್ಲ. ಆಮೇಲೆ ಕೃಷ್ಣ ಪ್ರಜಾ ಸೋಷಲಿಸ್ಟ್ ಪಕ್ಷ ಸೇರಿದರು. 1968ರ ಉಪಚುನಾವಣೆಯಲ್ಲಿ ಮಂಡ್ಯದ ಸಂಸದರಾದರು. 1971ರ ಹೊತ್ತಿಗೆ ಕಾಂಗ್ರೆಸ್ಸಿನಲ್ಲಿದ್ದರು. 1999ರಲ್ಲಿ ಅದೇ ಕಾಂಗ್ರೆಸ್ಸಿನಿಂದ ಮುಖ್ಯಮಂತ್ರಿಯಾದರು. 2017ರಲ್ಲಿ ಬಿಜೆಪಿ ಸೇರಿದರು.

ಮಳವಳ್ಳಿ, 2008. ಇದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಪಿ.ಎಂ. ನರೇಂದ್ರಸ್ವಾಮಿ ಪಕ್ಷೇತರರಾಗಿ ಗೆದ್ದರು. ಬಹುಮತಕ್ಕೆ ಕೊಂಚ ಕಡಿಮೆ ಬಿದ್ದಿದ್ದ ಬಿಜೆಪಿ ಸರ್ಕಾರಕ್ಕೆ ಬೆಂಬಲ ಕೊಟ್ಟು ಮಂತ್ರಿಯಾದರು. 2010ರಲ್ಲಿ ಬೆಂಬಲ ವಾಪಸ್ಸು ಪಡೆದ ಪಕ್ಷೇತರರನ್ನು ಸ್ಪೀಕರ್ ಅನರ್ಹಗೊಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. 2013ರಲ್ಲಿ ಅವರು ಗೆದ್ದದ್ದು ಕಾಂಗ್ರೆಸ್ಸಿನಿಂದ.

ಮಂಡ್ಯ, 2019. ಹಿಂದಿನ ವರ್ಷವಷ್ಟೇ ಜಿಲ್ಲೆಯ ಏಳಕ್ಕೆ ಏಳೂ ವಿಧಾನಸಭಾ ಕ್ಷೇತ್ರ ಗೆದ್ದಿದ್ದ ಜನತಾದಳ, ಅದರ ಜೊತೆಗೆ ಮೈತ್ರಿಯ ಕಾಂಗ್ರೆಸ್ಸು. ಇಷ್ಟು ದೊಡ್ಡ ಸೇನೆಯ ಎದುರು ಸುಮಲತಾ ಅಂಬರೀಶ್ 1,25,876 ಮತಗಳ ಅಂತರದಲ್ಲಿ ಗೆದ್ದರು. ಬಿಜೆಪಿ ಅಭ್ಯರ್ಥಿ ಹಾಕದೆ ಅವರನ್ನು ಬೆಂಬಲಿಸಿತ್ತು. 2024ರ ಏಪ್ರಿಲ್‌ನಲ್ಲಿ ಅವರು ಬಿಜೆಪಿಗೆ ಸೇರಿದರು. ಯಾರನ್ನು ಎದುರಿಸಿ ಜನ ಓಟು ಹಾಕಿದ್ದರೋ ಆ ಮನೆಯವರೇ, ಎಚ್.ಡಿ. ಕುಮಾರಸ್ವಾಮಿ, ಆ ಸಲ ಬಿಜೆಪಿ ಮೈತ್ರಿಯಲ್ಲಿ ಮಂಡ್ಯದ ಸಂಸದರಾದರು.

ಈ ಮೂವರ ನಡತೆಯ ವಿಚಾರಣೆ ಮಾಡುವುದು ನಮ್ಮ ಉದ್ದೇಶವಲ್ಲ. ಅವರು ದ್ರೋಹ ಮಾಡಿದರು ಅಂತ ಕೂಗಿದರೆ ಅಲ್ಲಿಗೆ ವಿಮರ್ಶೆ ಮುಗಿದುಹೋಗುತ್ತದೆ. ಅರವತ್ತು ವರ್ಷದಲ್ಲಿ ಮೂರು ಬೇರೆ ಬೇರೆ ಬಗೆಯ ಜನ ಒಂದೇ ದಾರಿ ಹಿಡಿದರೆ ದೋಷವನ್ನು ವ್ಯಕ್ತಿಯಲ್ಲಿ ಹುಡುಕಬಾರದು, ದಾರಿಯಲ್ಲಿ ಹುಡುಕಬೇಕು. ಇವರು ಪಕ್ಷದ ಹೊರಗಿದ್ದರು, ಅಷ್ಟೇ. ಯಂತ್ರದ ಹೊರಗೆ ಇರಲಿಲ್ಲ.

ಹಾಗಾದರೆ ಯಂತ್ರ ಎಲ್ಲಿದೆ? ಪಕ್ಷದ ಕಚೇರಿಯಲ್ಲಂತೂ ಇಲ್ಲ. ಅಲ್ಲಿರುವುದು ಬೋರ್ಡು, ಬಾವುಟ, ನಾಲ್ಕು ಕುರ್ಚಿ. ಯಂತ್ರ ಇರುವುದು ಊರಿನ ಸೊಸೈಟಿಯಲ್ಲಿ, ಹಾಲಿನ ಡೈರಿಯಲ್ಲಿ, ಕಬ್ಬು ಯಾವಾಗ ಕಡಿಯಬೇಕು ಅಂತ ಹೇಳುವ ಕಾರ್ಖಾನೆಯ ಚೀಟಿಯಲ್ಲಿ, ನಾಲೆಯ ತೂಬು ಎತ್ತುವ ನೀರುಗಂಟಿಯ ಕೈಯಲ್ಲಿ. ಪಹಣಿ ಇದ್ದವನಿಗೆ ಬೆಳೆ ಸಾಲ. ಹಸು ಇದ್ದವನಿಗೆ ಡೈರಿಯ ಓಟು. ಗದ್ದೆ ಇದ್ದವನಿಗೆ ನಾಲೆಯ ನೀರು. ಕಟ್ಟೆ ಕಟ್ಟಿದ ಮೇಲೆ ವಿಶ್ವೇಶ್ವರಯ್ಯ ನಾಲೆಯ ನೀರು ಜಿಲ್ಲೆಯನ್ನು ಹಸಿರು ಮಾಡಿತು ಅಂತ ಪಠ್ಯಪುಸ್ತಕದಲ್ಲಿ ಓದಿದ್ದೇವೆ. ನಿಜವೇ. ಆ ಹಸಿರಿನಲ್ಲಿ ನಾಟಿ ಹಾಕಿದವರಿಗೆ, ಕಬ್ಬು ಕಡಿದವರಿಗೆ ಸಿಕ್ಕಿದ್ದು ಕೂಲಿ. ಸೊಸೈಟಿಯ ಷೇರಲ್ಲ. ಪಕ್ಷ ಬದಲಾದರೂ ಈ ಸೊಸೈಟಿಯ ಜಗಲಿ ಬದಲಾಗುವುದಿಲ್ಲ. ಪಕ್ಷೇತರನೂ ಓಟಿಗಾಗಿ ಇದೇ ಜಗಲಿ ಹತ್ತಬೇಕು. ಹತ್ತಿದ ಮೇಲೆ ಅಲ್ಲಿ ಕೂತವರ ಮಾತು ಮೀರುವುದು ಹೇಗೆ? ಗಾಣಕ್ಕೆ ಕಟ್ಟಿದ ಎತ್ತು ಬದಲಾದರೆ ಗಾಣ ಬದಲಾಯಿತು ಅಂತ ಯಾರಾದರೂ ಹೇಳುತ್ತಾರೆಯೇ?

ಇನ್ನೊಂದು ಮಾತನ್ನೂ ನೆನೆಯಬೇಕು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಕಾಂಗ್ರೆಸ್ಸೇ ಹೊರಗಿನವರ ಪಕ್ಷ. ಬಾವುಟ ಹಾರಿಸಿದ್ದಕ್ಕೆ ಟಿ. ಸಿದ್ದಲಿಂಗಯ್ಯನವರಂಥವರನ್ನು ಸಂಸ್ಥಾನದ ಸರ್ಕಾರ ಬಂಧಿಸಿತು. ಇಪ್ಪತ್ತನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದೇ ಮದ್ದೂರಿನಲ್ಲಿ ಆ ಪಕ್ಷವನ್ನು ಸೋಲಿಸುವುದೇ ಒಂದು ಬಂಡಾಯವಾಗಿತ್ತು. ಹೊರಗಿನವರು ಒಳಗಾಗುವ ಈ ಕತೆ ಮದ್ದೂರಿಗೆ ಹೊಸದಲ್ಲ.

ಜಗಲಿಯ ಕೆಳಗೆ ನಿಂತವರಿಗೆ ಬಾಗಿಲು ತೆರೆಯಬಹುದಾಗಿದ್ದ ಜಾಗ ಪಂಚಾಯ್ತಿ. ಅಬ್ದುಲ್ ನಜೀರ್‌ಸಾಬರು ತಂದ 1983ರ ಕಾಯಿದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು. ಹೆಂಗಸರಿಗೆ ಶೇಕಡ 25ರಷ್ಟು ಸ್ಥಾನ, ಪರಿಶಿಷ್ಟರಿಗೂ ಸ್ಥಾನ ಮೀಸಲು. ಆದರೆ ಅಧ್ಯಕ್ಷರ ಕುರ್ಚಿಗೆ ಮೀಸಲಾತಿ ಇರಲಿಲ್ಲ. ಅದು ಬಂದದ್ದು ಸಂವಿಧಾನದ 73ನೇ ತಿದ್ದುಪಡಿಯ ನಂತರದ 1993ರ ಕಾಯಿದೆಯಲ್ಲಿ. ಕೇರಿಯ ಹೆಣ್ಣುಮಗಳೊಬ್ಬಳು ಗ್ರಾಮ ಪಂಚಾಯ್ತಿಯ ಅಧ್ಯಕ್ಷೆಯಾಗುವ ಕಾಲ ಬಂದಿತು.

ಆಗ ಯಂತ್ರ ಏನು ಮಾಡಿತು? ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವಂತಿಲ್ಲ ಎನ್ನುವ ನಿಯಮವನ್ನೇ ತನ್ನ ಹೊದಿಕೆ ಮಾಡಿಕೊಂಡಿತು. ಕಾಗದದಲ್ಲಿ ಎಲ್ಲರೂ ಪಕ್ಷೇತರರು! ‘ಊರೊಟ್ಟಿಗೆ ಮಾಡ್ಕೊಳೋಣ ಬುಡ್ರಪ್ಪ, ಜಗಳ ಯಾಕೆ’ ಅಂತ ಜಗಲಿಯಿಂದ ಒಂದು ಮಾತು ಬಂದರೆ ಅದಕ್ಕೆ ಅವಿರೋಧ ಆಯ್ಕೆ ಅಂತ ಹೆಸರು. 2020ರ ಡಿಸೆಂಬರ್ ಚುನಾವಣೆಯ ಹೊತ್ತಿಗೆ ರಾಜ್ಯದ ಹಲವು ಕಡೆ ದೇವಸ್ಥಾನದ ಹೆಸರಿನಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಬಂತು. ಹರಾಜಿನಲ್ಲಿ ಕೂಗುವ ಶಕ್ತಿ ಕೂಲಿಯವನಿಗೆ ಎಲ್ಲಿಂದ ಬರಬೇಕು? ಮೀಸಲು ಕುರ್ಚಿಗೆ ಕೂತವರಿಗೂ ಬಿಡುಗಡೆಯಿಲ್ಲ. ‘ಹದಿನೈದು ತಿಂಗಳು ನೀನು, ಆಮೇಲೆ ರಾಜೀನಾಮೆ’ ಅನ್ನುವ ಒಳ ಒಪ್ಪಂದ. ಒಪ್ಪದಿದ್ದರೆ ಅವಿಶ್ವಾಸ. ಒಂದು ಕಾಲಕ್ಕೆ ನಮ್ಮ ಅಪ್ಪಂದಿರ ಹೆಬ್ಬೆಟ್ಟು ಬೇರೆಯವರ ಪತ್ರದ ಮೇಲೆ ಬೀಳುತ್ತಿತ್ತು. ಈಗ ಅಧ್ಯಕ್ಷೆಯ ಡಾಂಗಲ್ಲು ಬೇರೆಯವರ ಜೇಬಿನಲ್ಲಿ ಇರುವುದುಂಟು.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು, ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದಕ್ಕೆ ಸಂತೋಷಪಟ್ಟರು. ಗ್ರಾಮ ಸ್ವರಾಜ್ಯದವರಿಗೆ ಅದು ಒಗರಾಗಿ ಕೇಳಿಸಿತು. ‘ಊರೊಟ್ಟು’ ಎನ್ನುವ ಮಾತಿನ ಕೆಳಗೆ ಕೇರಿಯ ಓಟು ಹೇಗೆ ಮುಚ್ಚಿಹೋಗುತ್ತದೆ ಅಂತ ನೋಡಿದವರಿಗೆ ಅವರ ಮಾತಿನ ಬೆಲೆ ಗೊತ್ತಾಗುತ್ತದೆ. ನಮ್ಮ ವಾದ ಪಂಚಾಯ್ತಿ ಬೇಡ ಎಂದಲ್ಲ. ಅಲ್ಲಿ ಒಬ್ಬೊಬ್ಬರ ಓಟೂ ಓಟಾಗಿ ಉಳಿಯಬೇಕು ಎಂದು.

ಈ ಜಿಲ್ಲೆಯಲ್ಲಿ ಬೇರೆ ದಾರಿ ಹಿಡಿದವರೇ ಇಲ್ಲವೇ? ಇದ್ದಾರೆ. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘ, ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಕ್ಕೆ ಬರಬಾರದು ಅಂತ ಊರಬಾಗಿಲಲ್ಲೇ ಬೋರ್ಡು ಹಾಕಿತು. ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ, ಮತ್ತೆ 2013ರಲ್ಲಿ ಮೇಲುಕೋಟೆಯಿಂದ ಗೆದ್ದರು. 2018ರಲ್ಲಿ ತೀರಿಕೊಳ್ಳುವ ತನಕ ಅವರು ಚಳವಳಿಯವರಾಗಿಯೇ ಉಳಿದರು. ಕಾರಣ ಸ್ಪಷ್ಟ. ಅವರ ಬೆನ್ನಿಗೆ ಸಂಘವಿತ್ತು, ಅವರನ್ನು ನಿಲ್ಲಿಸಿ ಕೇಳುವವರಿದ್ದರು. 2023ರಲ್ಲಿ ಅವರ ಮಗ ದರ್ಶನ್ ಗೆದ್ದಾಗ ಕಾಂಗ್ರೆಸ್ಸಿನ ಬೆಂಬಲವಿತ್ತು ಎನ್ನುವುದನ್ನೂ ಮರೆಯಬಾರದು.

ಗೌರವ ಇಟ್ಟುಕೊಂಡೇ ರೈತ ಸಂಘಕ್ಕೆ ಒಂದು ಪ್ರಶ್ನೆ ಕೇಳುತ್ತೇವೆ. ಹಸಿರು ಶಾಲಿನ ‘ರೈತ’ ಯಾರು? ಕಬ್ಬಿನ ಬೆಲೆಗೆ ಹೆದ್ದಾರಿ ತಡೆದಷ್ಟು ಸಲ ಕೂಲಿಯ ಬೆಲೆಗೆ ತಡೆದಿದ್ದೀರಾ? 2005ರಲ್ಲಿ ದೇವನೂರ ಮಹಾದೇವ ಅವರೂ ರೈತ ಮುಖಂಡರೂ ಸೇರಿ ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದ್ದು ಈ ಬಿರುಕು ಮುಚ್ಚುವುದಕ್ಕೇ. ವೇದಿಕೆಯ ಮೇಲೆ ನೀಲಿಯೂ ಹಸಿರೂ ಕೂಡಿದವು. ಗದ್ದೆಯ ಬದುವಿನಲ್ಲಿ ಕೂಡುವ ಕೆಲಸ ಬಾಕಿ ಇದೆ.

ಇಷ್ಟರ ನಡುವೆ ಬಾಗಿಲನ್ನೇ ಮುಚ್ಚುವ ಉಪಾಯವೂ ಇದೆ. 1992ರಲ್ಲಿ ಜಿಲ್ಲಾ ಪರಿಷತ್ತುಗಳ ಅವಧಿ ಮುಗಿದಾಗ ಸರ್ಕಾರ ಆಡಳಿತಾಧಿಕಾರಿಗಳನ್ನು ಕೂರಿಸಿತು. ಮತ್ತೆ ಚುನಾವಣೆ ಆದದ್ದು 1995ರಲ್ಲಿ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ಕ್ಕೆ ಮುಗಿಯಿತು. ಕ್ಷೇತ್ರ ವಿಂಗಡಣೆ ಅಂದರು, ಮೀಸಲಾತಿ ಪಟ್ಟಿ ಅಂದರು. 2023ರಲ್ಲಿ ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂದರೂ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಬೇರೆಲ್ಲದರಲ್ಲೂ ಕಚ್ಚಾಡುವ ಪಕ್ಷಗಳು ಈ ಒಂದು ವಿಷಯದಲ್ಲಿ ಎಷ್ಟು ಒಗ್ಗಟ್ಟು ನೋಡಿ! ಶಾಸಕನಿಗೆ ತನ್ನ ತಾಲ್ಲೂಕಿನಲ್ಲಿ ಇನ್ನೊಬ್ಬ ಚುನಾಯಿತ ಮನುಷ್ಯ ತಲೆಯೆತ್ತಿ ನಿಲ್ಲುವುದು ಬೇಕಿಲ್ಲ. ಆ ಮನುಷ್ಯ ಕೇರಿಯವನಾದರಂತೂ ಬೇಡವೇ ಬೇಡ.

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ಮುಂದೆ ಯಾರಾದರೂ ‘ನಾನು ಪಕ್ಷೇತರ, ನಿಮ್ಮವನು’ ಅಂತ ಕೈ ಮುಗಿದು ಬಂದರೆ ಹಾರ ಹಾಕುವ ಮೊದಲು ಮೂರು ಮಾತು ಕೇಳಿ. ನಿನ್ನನ್ನು ನಿಲ್ಲಿಸಿದ ಸಂಘ ಯಾವುದು, ಅದರಲ್ಲಿ ಕೂಲಿಯವರು ಎಷ್ಟು ಜನ? ಸೊಸೈಟಿಯ ಬಾಗಿಲು ಪಹಣಿ ಇಲ್ಲದವರಿಗೆ ತೆರೆಸುತ್ತೀಯಾ? ಗೆದ್ದ ಮೇಲೆ ಪಕ್ಷ ಸೇರಬೇಕಾದರೆ ಮೊದಲು ನಮ್ಮ ಸಭೆಗೆ ಬಂದು ಒಪ್ಪಿಗೆ ಕೇಳುತ್ತೀಯಾ?

ಉತ್ತರ ಸಿಗದಿದ್ದರೆ ನಾವೇ ನಿಲ್ಲಬೇಕಾಗುತ್ತದೆ. ಸೋತರೂ ಪರವಾಗಿಲ್ಲ. ಅವಿರೋಧ ಅನ್ನುವ ಕಡೆಯೆಲ್ಲ ಒಂದು ವಿರೋಧದ ಓಟು ದಾಖಲಾಗಲಿ.